ಮೇಕೆ ತಿನ್ನದ ಬೇಲಿ ಗಿಡ ಯಾವುದು?

ಹಿತ್ತಲಮನೆ:
ಮನೆ ತುಮಕೂರು ಕಡೆ. ಮುಂದೆ 40 ಅಡಿ ತಂತಿ ಬೇಲಿ ಇದೆ, ಆದ್ರೂ ಬೀದಿ ಮೇಕೆಗಳು ತೂರಿ ಬಂದು ದಾಸವಾಳ ಬೋಳಿಸ್ತವೆ. ವಾರಕ್ಕೊಮ್ಮೆ ನೀರು ಹಾಕಿದ್ರೆ ಹೆಚ್ಚು. ನರ್ಸರಿಯವರು ಕಣಗಿಲೆ ಅಂತಾರೆ. ಮನೇಲಿ ಚಿಕ್ಕ ಮಗು ಇದೆ.

ಕೆಂಪುಮಣ್ಣು:
ಕಣಗಿಲೆ ಬೇಡವೇ ಬೇಡ. ಎಲೆ, ಹೂವು, ಕಡ್ಡಿ ಎಲ್ಲಾ ವಿಷ. ಆಡುಸೋಗೆ ಹಾಕಿ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಇದನ್ನ ಮಾತ್ರ ಮೂಸಿ ಮುಂದೆ ಹೋಗ್ತವೆ. ಮುಂಗಾರು ಹಿಡಿದ ಮೇಲೆ ಬಲಿತ ಕಡ್ಡಿಗಳನ್ನ ಗೇಣುದ್ದ ಕತ್ತರಿಸಿ, ಒಂದೂವರೆ ಅಡಿಗೊಂದರಂತೆ ಎರಡು ಸಾಲು ನೆಡಿ. ಎರಡನೇ ಸಾಲಿನ ಗಿಡ ಮೊದಲ ಸಾಲಿನ ಸಂದಿಗೆ ಬರ್ಲಿ. ಮೊಣಕಾಲೆತ್ತರ ಬಂದಾಗ್ಲೇ ತುದಿ ಕತ್ತರಿಸಿ. ಇಲ್ಲಾಂದ್ರೆ ಬುಡ ಬೋಳಾಗಿ ಮೇಕೆಗೆ ನೀವೇ ಬಾಗಿಲು ತೆಗೆದುಕೊಟ್ಟಂಗೆ.

ಉಪ್ಪಿನಕಾಯಿ_ಭರಣಿ:
ಕವಳಿ ಗಿಡ ಮರೆತೇಬಿಟ್ರಾ! ಮುಳ್ಳಿಗೆ ಹೆದರಿ ಯಾವ ದನವೂ ನುಗ್ಗಲ್ಲ, ಬರ ತಡೀತದೆ, ಕಾಯಿ ಉಪ್ಪಿನಕಾಯಿಗೆ. ಬೆಳವಣಿಗೆ ನಿಧಾನ. ಮಗು ಓಡಾಡೋ ಕಡೆ ಮಾತ್ರ ಬೇಡ.

ಹಿತ್ತಲಮನೆ:
ಹಾಗಾದ್ರೆ ಮುಂದೆ ಆಡುಸೋಗೆ, ಹಿಂದಿನ ಮೂಲೆಗೆ ಕವಳಿ. ಆಡುಸೋಗೆ ಕಡ್ಡಿಗೆ ಎಷ್ಟಾಗುತ್ತೆ?

ಕೆಂಪುಮಣ್ಣು:
ದುಡ್ಡು ಯಾಕ್ರೀ? ಹತ್ತಿರದ ಹಳ್ಳೀಲಿ ಯಾರ ಬೇಲೀಲಾದ್ರೂ ಇರುತ್ತೆ, ಕೇಳಿದ್ರೆ ಒಂದು ಹೊರೆ ಕೊಡ್ತಾರೆ.