ಹೆರಿಗೆ ನೋವಿನ ನಡುವೆ ನನಗೆ ಬೇಕಾದ್ದನ್ನು ಹೇಳೋದು ಹೇಗೆ?

ಚೊಚ್ಚಲ_35ವಾರ:
ಮೊದಲ ಹೆರಿಗೆ, ಈಗ 35 ವಾರ. ಬಿ.ಪಿ., ಶುಗರ್ ಸರಿಯಿದೆ, ಮಗುವಿನ ತಲೆ ಕೆಳಗಿದೆ. ಡಾಕ್ಟರ್ ಎದುರು ಕೂತರೆ ನನಗೆ ಬಾಯಿ ಕಟ್ಟಿಹೋಗುತ್ತೆ, ಏನು ಹೇಳಿದರೂ ‘ಆಗಲಿ’ ಅಂದುಬಿಡ್ತೀನಿ. ನೋವು ಶುರುವಾದ ಮೇಲೆ ಓಡಾಡಬೇಕು, ಮಗು ಬರೋ ದಾರಿ ಅಗಲ ಮಾಡೋಕೆ ಅಂತ ಕಾರಣವಿಲ್ಲದೆ ಕೆಳಗೆ ಕಟ್ ಮಾಡಬಾರದು, ಮಗುವನ್ನು ಹುಟ್ಟಿದ ಕೂಡಲೇ ಎದೆ ಮೇಲೆ ಮಲಗಿಸಬೇಕು ಅಂತ ಆಸೆ. ಯಾರಿಗೆ, ಯಾವಾಗ, ಹೇಗೆ ಹೇಳಲಿ? ಯಾವುದಕ್ಕೆ ಪಟ್ಟು ಹಿಡಿಯಬಾರದು?

ಲೇಬರ್‌ರೂಮ್_ಸಿಸ್ಟರ್:
ನೀವು ಕೇಳ್ತಿರೋ ಮೂರೂ ಅತಿಯಾಸೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿಯಲ್ಲೇ ಇವೆ. ತೊಂದರೆಯಿಲ್ಲದ ಗರ್ಭವಾದರೆ ಓಡಾಡಲು ಪ್ರೋತ್ಸಾಹಿಸಬೇಕು, ಕುಡಿಯಲು ತಿನ್ನಲು ಬಿಡಬೇಕು, ಎಲ್ಲರಿಗೂ ವಾಡಿಕೆಯಂತೆ ಕಟ್ ಮಾಡಬಾರದು, ತಾಯಿ ಆರಿಸಿದ ಒಬ್ಬರು ಜೊತೆಗಿರಬೇಕು, ಆರೋಗ್ಯವಾಗಿ ಹುಟ್ಟಿದ ಮಗು ಮೊದಲ ಒಂದು ಗಂಟೆ ತಾಯಿಯ ಮೈಗೆ ಮೈ ತಾಗಿಕೊಂಡಿರಬೇಕು ಅನ್ನುತ್ತೆ ಅದು.

36ನೇ ವಾರದ ಚೆಕಪ್‌ನಲ್ಲೇ ಹೇಳಿ. ಐದಾರು ಸಾಲಿನ ಒಂದು ಚೀಟಿ ಸಾಕು, ಮೂರು ಪುಟ ಬರೆದರೆ ರಾತ್ರಿ ಪಾಳಿಯಲ್ಲಿ ಯಾರೂ ಓದಲ್ಲ. ಮೇಲೆ ಔಷಧದ ಅಲರ್ಜಿ, ರಕ್ತದ ಗುಂಪು. ಕೆಳಗೆ ನಿಮಗೆ ಬೇಕಾದ್ದು. ಡಾಕ್ಟರ್‌ಗೆ ತೋರಿಸಿ, ಕೇಸ್ ಶೀಟಿಗೆ ಸೇರಿಸಲು ಕೇಳಿ. ಎಡವಟ್ಟಾಗೋದು ಇಲ್ಲೇ: ನೀವು ಹೇಳಿದ ಡಾಕ್ಟರ್ ಆ ಹೊತ್ತಿಗೆ ಡ್ಯೂಟಿಯಲ್ಲಿ ಇರಲಿಕ್ಕಿಲ್ಲ. ಹಾಸಿಗೆ ಪಕ್ಕದ ಸಿಸ್ಟರ್‌ಗೆ ಅಡ್ಮಿಟ್ ಆದಾಗೊಮ್ಮೆ, ಶಿಫ್ಟ್ ಬದಲಾದಾಗೊಮ್ಮೆ ಹೇಳಲೇಬೇಕು.

ನೋವು ಏರಿದಾಗ ಸುಮಾರು ಒಂದು ನಿಮಿಷ ಕೇಳಿಸಿಕೊಳ್ಳೋಕೂ ಆಗಲ್ಲ. ಆಗ ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡಬೇಡಿ, ‘ಈ ನೋವು ಇಳಿಯಲಿ, ಆಮೇಲೆ’ ಅನ್ನಿ. ‘ನನ್ನ ಕೈಲಾಗ್ತಿಲ್ಲ’ ಅಂದರೆ ‘ಇನ್ನು ಸ್ವಲ್ಪ ತಡ್ಕೊಳ್ಳಮ್ಮ’ ಅಂತಷ್ಟೇ ಉತ್ತರ ಬರುತ್ತೆ, ಏಕೆಂದರೆ ಎಲ್ಲರೂ ಅದನ್ನೇ ಹೇಳ್ತಾರೆ. ಮಾಡಬೇಕಾದ ಕೆಲಸವನ್ನೇ ಹೇಳಿ: ‘ಸಿಸ್ಟರ್, ಎಡಕ್ಕೆ ಮಗ್ಗುಲಾಗಬೇಕು, ಹಿಡ್ಕೊಳ್ಳಿ’, ‘ನೋವಿಗೆ ಔಷಧಿ ಬೇಕು, ಡಾಕ್ಟರ್‌ಗೆ ಈಗಲೇ ಹೇಳಿ’. ಒಳಪರೀಕ್ಷೆ ಮಾಡುವಾಗ ತಡೆಯೋಕಾಗದಿದ್ದರೆ ‘ನಿಲ್ಲಿಸಿ’ ಅನ್ನೋ ಒಂದೇ ಮಾತು ಸಾಕು. ಎಲ್ಲ ಸರಿಯಿದ್ದರೆ ಆ ಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು; ಪದೇ ಪದೇ ಮಾಡ್ತಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಪ್ರಸೂತಿ_ವೈದ್ಯೆ:
ಪಟ್ಟಿನ ವಿಷಯಕ್ಕೆ ಬರ್ತೀನಿ. ನೋವು ಹೆಚ್ಚಿಸೋ ಡ್ರಿಪ್ ಹಾಕ್ತೀವಿ, ಮಗುವಿನ ಸುತ್ತಲಿನ ನೀರಿನ ಚೀಲ ಒಡೀತೀವಿ ಅಂದಾಗ ಕೇಳಿ: ‘ಈಗ ಯಾಕೆ ಬೇಕು? ಮಗುವಿನ ಎದೆಬಡಿತ ಸರಿಯಿದೆಯಾ? ಒಂದು ಗಂಟೆ ಕಾದರೆ ಏನಾಗುತ್ತೆ?’ ಎದೆಬಡಿತ ಚೆನ್ನಾಗಿದ್ದು, ನಿಧಾನ ಅನ್ನೋದೊಂದೇ ಕಾರಣವಾದರೆ ಕಾಯುವ ಮಾತಾಡಬಹುದು. ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆಯುವವರೆಗೆ ಹೆರಿಗೆ ಇನ್ನೂ ಬಿರುಸಾಗಿರೋದಿಲ್ಲ. ಗಂಟೆಗೆ 1 ಸೆಂ.ಮೀ. ಅನ್ನೋ ಹಳೇ ಲೆಕ್ಕ ಎಲ್ಲರಿಗೂ ಅನ್ವಯಿಸಲ್ಲ. ಆದರೆ ಡ್ರಿಪ್ ಶುರುವಾದರೆ ಮಗುವಿನ ಬಡಿತ ಬಿಡದೆ ನೋಡ್ತಿರಬೇಕು, ಅದಕ್ಕಾಗಿ ಹೊಟ್ಟೆಗೆ ಬೆಲ್ಟ್ ಕಟ್ಟೋದರಿಂದ ಓಡಾಟ ಕಡಿಮೆಯಾಗುತ್ತೆ. ಹಾಸಿಗೆ ಪಕ್ಕ ನಿಲ್ಲಬಹುದಾ, ಕೂರಬಹುದಾ ಅಂತ ಕೇಳಿ.

ಕಟ್ ಬಗ್ಗೆ ‘ಬೇಡವೇ ಬೇಡ’ ಅನ್ನಬೇಡಿ. ‘ಅಗತ್ಯ ಬಿದ್ದರೆ ಮೊದಲು ನನಗೆ ಹೇಳಿ, ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಮಾಡಿ’ ಅನ್ನಿ. ಬಡಿತ ಕುಸಿದು ಮಗು ಬೇಗ ಹೊರಬರಬೇಕಾದಾಗ, ಮಗುವಿನ ತಲೆ ಹಿಡಿದು ಹೊರತೆಗೆಯೋ ಇಕ್ಕಳ ಹಾಕುವಾಗ ಅದು ಬೇಕಾಗಬಹುದು. ಹೊಟ್ಟೆ ಮೇಲಿನಿಂದ ಒತ್ತಿ ಮಗುವನ್ನು ತಳ್ಳೋದನ್ನು ಮಾತ್ರ ಧೈರ್ಯವಾಗಿ ಬೇಡ ಅನ್ನಿ, ಮಾರ್ಗಸೂಚಿಯೂ ಅದನ್ನು ಒಪ್ಪಲ್ಲ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿದೆಯಾ ಅಂತ ಹೊಟ್ಟೆ ಮುಟ್ಟಿ ನೋಡೋದು, ಉಜ್ಜೋದು ಬೇರೆ, ಅದಕ್ಕೆ ಬಿಡಿ.

ಮಗು ಬಂದ ಕೂಡಲೇ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೂಡ ಬೇಡ ಅನ್ನಬೇಡಿ, ರಕ್ತಸ್ರಾವ ತಡೆಯೋದು ಅದೇ. ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲೇ ಜಾರಿ ಬಂದರೆ, ಮಗುವಿನ ಭುಜ ಸಿಕ್ಕಿಕೊಂಡರೆ, ರಕ್ತ ಹರೀತಿದ್ದರೆ ನಮಗೆ ಸಿಗೋದು ನಿಮಿಷಗಳು ಮಾತ್ರ. ಆಗ ಒಂದು ವಾಕ್ಯ ಹೇಳಿ ಕೆಲಸಕ್ಕೆ ಇಳೀತೀವಿ. ಏನಾಯ್ತು, ಯಾಕಾಯ್ತು ಅಂತ ಮರುದಿನ ಕೂರಿಸಿಕೊಂಡು ವಿವರಿಸೋದು ನಮ್ಮ ಕರ್ತವ್ಯ, ಬಿಡದೆ ಕೇಳಿ.

ಜೊತೆಗಾರ್ತಿ:
ಕೊನೆ ಹಂತದಲ್ಲಿ ನೋವಿನ ನಡುವೆ ಬಿಡುವೇ ಇರಲ್ಲ, ಮಾತು ಹೊರಡಲ್ಲ. ಅಲ್ಲಿಂದ ಜೊತೆಗಿರೋರ ಕೆಲಸ. ಅವರು ನಿಮ್ಮ ಪರವಾಗಿ ನಿರ್ಧಾರ ಮಾಡಬಾರದು, ನಿಮ್ಮ ಮಾತನ್ನು ದಾಟಿಸಬೇಕು: ‘ಅವಳು ಮಗ್ಗುಲಲ್ಲಿ ಮಲಗಿ ಮುಕ್ಕರಿಯಬೇಕು ಅಂತಿದ್ದಾಳೆ.’ ಕೈ ಎರಡು ಸಲ ಒತ್ತಿದರೆ ‘ಬೇಡ’ ಅಂತ ಈಗಲೇ ಮಾತಾಡಿಕೊಳ್ಳಿ.

ಚೊಚ್ಚಲ_35ವಾರ:
ತುಂಬ ಉಪಕಾರ ಆಯ್ತು. ಎಪಿಡ್ಯೂರಲ್, ಅಂದರೆ ಬೆನ್ನಿಗೆ ನಳಿಕೆ ಹಾಕಿ ನೋವು ತಗ್ಗಿಸೋ ಔಷಧಿ, ಬೇಕು ಅನ್ನಿಸಿದರೆ? ಹೊಲಿಗೆ ಹಾಕುವಾಗ ನೋವಾದರೆ ಹೇಳಬಹುದಾ?

ಪ್ರಸೂತಿ_ವೈದ್ಯೆ:
ಎಪಿಡ್ಯೂರಲ್ ಕೊಟ್ಟ ಮೇಲೆ ಹಿಡಿಯೋಕೆ 15-20 ನಿಮಿಷ ಬೇಕು, ಅರಿವಳಿಕೆ ಡಾಕ್ಟರ್ ಬರೋ ಹೊತ್ತು ಬೇರೆ. ಸೂಜಿ ಹಾಕುವಾಗ ಬೆನ್ನು ಬಗ್ಗಿಸಿ ಅಲುಗಾಡದೆ ಕೂರಬೇಕು, ಹಾಗಾಗಿ ತೀರಾ ಕೊನೇವರೆಗೆ ಕಾಯಬೇಡಿ. ಕಾಲು ಭಾರವಾಗಿ ಓಡಾಟ ನಿಲ್ಲಬಹುದು, ಬಿ.ಪಿ. ಇಳಿಯಬಹುದು. ಒಂದು ಪಕ್ಕಕ್ಕೆ ಮಾತ್ರ ಹಿಡಿದರೆ ಹೇಳಿ, ನಳಿಕೆ ಸರಿಮಾಡ್ತಾರೆ.

ಹೊಲಿಗೆ ವಿಷಯದಲ್ಲಿ ಹಲ್ಲು ಕಚ್ಚಿ ಸಹಿಸಬೇಡಿ. ಇಂಜೆಕ್ಷನ್ ಕೊಟ್ಟು ಎರಡು ಮೂರು ನಿಮಿಷ ಬಿಡಬೇಕು. ಅವಸರದಲ್ಲಿ ಅದೇ ತಪ್ಪೋದು. ಮುಟ್ಟೋದು, ಎಳೆಯೋದು ಗೊತ್ತಾಗೋದು ಸಹಜ. ಚುಚ್ಚಿದ್ದು ಗೊತ್ತಾದರೆ ‘ಚುಚ್ಚೋದು ಗೊತ್ತಾಗ್ತಿದೆ, ಇನ್ನೂ ಔಷಧಿ ಹಾಕಿ’ ಅನ್ನಿ, ಅವರು ಸೂಜಿ ನಿಲ್ಲಿಸಲೇಬೇಕು.