ಥಾಮಸ್ ಬ್ರೌನ್ ಅವರ ‘ರಿಲಿಜಿಯೋ ಮೆಡಿಸಿ’: ಆತ್ಮದ ಅಂಗ ಸಿಗದಿದ್ದುದಕ್ಕೆ ವೈದ್ಯರಿಗೆ ತೃಪ್ತಿಯೇಕೆ?

ಪ್ರಶ್ನೆ:
ಹದಿನೇಳನೆಯ ಶತಮಾನದ ಇಂಗ್ಲಿಷ್ ಗದ್ಯವನ್ನು ಓದುತ್ತಿರುವ ನಾನು, ವೈದ್ಯ ಥಾಮಸ್ ಬ್ರೌನ್ ತಮ್ಮ ನಂಬಿಕೆಯ ಬಗ್ಗೆ ಬರೆದ ‘ರಿಲಿಜಿಯೋ ಮೆಡಿಸಿ’ಯ (‘ವೈದ್ಯನ ಧರ್ಮ’) ಒಂದು ಮಾತಿನ ಬಳಿ ನಿಂತುಬಿಟ್ಟಿದ್ದೇನೆ. ಮನುಷ್ಯದೇಹದಲ್ಲಿ ತಾವು ಕಂಡ ಅಚ್ಚರಿಗಳಿಗಿಂತ, ಕಾಣದೆ ಹೋದ ಒಂದು ಸಂಗತಿಯೇ ತಮಗೆ ಹೆಚ್ಚು ತೃಪ್ತಿ ಕೊಟ್ಟಿತೆಂದು ಬ್ರೌನ್ ಬರೆಯುತ್ತಾರೆ. ಕಾಣದೆ ಹೋದದ್ದು, ವಿವೇಚಿಸುವ ಆತ್ಮಕ್ಕೆ ಮೀಸಲಾದ ಅಂಗ. ಮೃಗದ ತಲೆಬುರುಡೆಯೊಳಗೆ ಇರುವುದಕ್ಕಿಂತ ಹೆಚ್ಚಿನದೇನೂ ಮನುಷ್ಯನ ಮೆದುಳಿನಲ್ಲಿ ಅವರಿಗೆ ಸಿಗಲಿಲ್ಲ. ಇದರಿಂದ ಆತ್ಮವೇ ಇಲ್ಲವೆಂದು ತೀರ್ಮಾನಿಸುವ ಬದಲು, ಆತ್ಮವು ದೇಹದ ಅಂಗಗಳನ್ನು ಮೀರಿದ್ದೆಂದು ಅವರು ಹೇಳುತ್ತಾರೆ. ವೈದ್ಯರಾದವರು ಹೀಗೆ ವಾದಿಸುವುದು ನುಣುಚಿಕೊಂಡಂತೆ ಅಲ್ಲವೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1:
ವಾದವಾಗಿ ಅದು ದುರ್ಬಲವೆಂಬುದನ್ನು ಒಪ್ಪುತ್ತೇನೆ, ಆದರೆ ನುಣುಚಿಕೊಳ್ಳುವಿಕೆ ಎನ್ನಲಾರೆ. ಮೂವರು ವೈದ್ಯರಿದ್ದಲ್ಲಿ ಇಬ್ಬರು ನಾಸ್ತಿಕರೆಂಬ ಲ್ಯಾಟಿನ್ ನಾಣ್ಣುಡಿ ಅಂದಿನ ಯೂರೋಪಿನಲ್ಲಿ ಬಳಕೆಯಲ್ಲಿತ್ತು. ಬ್ರೌನ್ ಅವರ ಕೃತಿ ತಮ್ಮ ವೃತ್ತಿಗೆ ಅಂಟಿದ ಈ ಅಪವಾದವನ್ನು ಎದುರಿಸುತ್ತಲೇ ಆರಂಭವಾಗುತ್ತದೆ. 1605ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನ ನಂತರ ಮಾಂಪೆಲಿಯೆ, ಪಾಡುವಾ ಮತ್ತು ಲೈಡನ್ನಿನಲ್ಲಿ ವೈದ್ಯಶಾಸ್ತ್ರ ಓದಿದ ಅವರಿಗೆ ಶವಚ್ಛೇದನ ಹೊಸದಾಗಿರಲಿಲ್ಲ. ಈ ದೇಹ ಎಂಥ ನವಿರಾದ ಎಳೆಗಳಿಂದ ತೂಗುತ್ತಿದೆ ಎಂಬುದನ್ನು ಕಂಡವನಿಗೆ, ನಾವು ಸದಾ ಕಾಯಿಲೆಯಲ್ಲೇ ಇಲ್ಲವಲ್ಲ ಎಂಬುದೇ ಸೋಜಿಗ ಎಂದು ಅವರು ಬರೆದಿರುವುದನ್ನು ನೋಡಿ. ಕಣ್ಣಿಗೆ ಬಿದ್ದದ್ದನ್ನು, ತಮ್ಮ ನಂಬಿಕೆಗೆ ತೊಡಕಾಗಬಹುದಾದ ಮೆದುಳಿನ ವಿಷಯವನ್ನೂ, ಅವರು ಮುಚ್ಚಿಡಲಿಲ್ಲ. ನನಗೆ ಈ ಪ್ರಾಮಾಣಿಕತೆ ವಾದಕ್ಕಿಂತ ದೊಡ್ಡದು.

ಉತ್ತರ 2:
ಬ್ರೌನ್ ಇದನ್ನು ಪ್ರಕಟಿಸಲೆಂದು ಬರೆದವರಲ್ಲ ಎಂಬುದನ್ನೂ ಗಮನಿಸಬೇಕು. ಸುಮಾರು 1635ರಲ್ಲಿ, ಮೂವತ್ತರ ಆಸುಪಾಸಿನಲ್ಲಿ ತಮಗಾಗಿ ಬರೆದುಕೊಂಡದ್ದು ಹಸ್ತಪ್ರತಿಯಾಗಿ ಕೈಯಿಂದ ಕೈಗೆ ಹೋಗಿ, 1642ರಲ್ಲಿ ಅವರ ಅನುಮತಿಯಿಲ್ಲದೆ ಅಚ್ಚಾಯಿತು. ಮರುವರ್ಷ ಅವರೇ ತಿದ್ದಿದ ಪ್ರತಿಯನ್ನು ಹೊರತಂದರು. ಅದೇ 1642ರಲ್ಲಿ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ಆರಂಭವಾಗಿ, ಪ್ರಾರ್ಥನೆಯ ವಿಧಾನ ಯಾವುದೆಂಬುದೂ ಜಗಳಕ್ಕೆ ಕಾರಣವಾಗಿತ್ತು. ಅಂಥ ಹೊತ್ತಿನಲ್ಲಿ ಓದುಗರ ಕೈಗೆ ಬಂದದ್ದು, ಅಭಿಪ್ರಾಯ ಬೇರೆ ಎಂಬ ಕಾರಣಕ್ಕೆ ಯಾರಿಂದಲೂ ದೂರವಾಗಲಾರೆ ಎನ್ನುವ, ಪ್ರಾಟೆಸ್ಟಂಟ್ ಆದ ಇಂಗ್ಲೆಂಡಿನ ಚರ್ಚಿಗೆ ನಿಷ್ಠರಾಗಿದ್ದೂ ಕ್ಯಾಥೊಲಿಕರ ಪ್ರಾರ್ಥನೆಯ ಗಂಟೆ ಕೇಳಿದರೆ ಮನಸ್ಸು ಮೇಲೇಳುತ್ತದೆ ಎನ್ನುವ ಒಬ್ಬ ವೈದ್ಯರ ಮಾತು. ಆದರೂ 1645ರಲ್ಲಿ ರೋಮಿನ ಕ್ಯಾಥೊಲಿಕ್ ಚರ್ಚು ಈ ಕೃತಿಯನ್ನು ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತು.

ಉತ್ತರ 3:
ಮೇಲಿನವರು ಹೇಳಿದ ಔದಾರ್ಯ ನಿಜ, ಆದರೆ ಅದಕ್ಕೊಂದು ಮೇರೆಯಿತ್ತು. ಮಾಟಗಾತಿಯರಿದ್ದಾರೆಂದು ತಾವು ಬಲ್ಲೆವೆಂದೂ ಅವರನ್ನು ಅಲ್ಲಗಳೆಯುವವರು ದೈವವನ್ನೇ ಅಲ್ಲಗಳೆದಂತೆ ಎಂದೂ ಬ್ರೌನ್ ಇದೇ ಕೃತಿಯಲ್ಲಿ ಬರೆದಿದ್ದಾರೆ. 1662ರಲ್ಲಿ ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದಲ್ಲಿ, ಮಕ್ಕಳಿಗೆ ಮಾಟ ಮಾಡಿದರೆಂಬ ಆರೋಪ ಹೊತ್ತ ಇಬ್ಬರು ಹೆಂಗಸರ ವಿಚಾರಣೆಯಲ್ಲಿ ಅವರು ಅಭಿಪ್ರಾಯ ನೀಡಿದರು: ಮಕ್ಕಳ ಸೆಳವು ಸಹಜವಾದದ್ದೇ, ಆದರೆ ಸೈತಾನನು ಮಾಟಗಾತಿಯರ ಜೊತೆ ಸೇರಿ ಅದನ್ನು ಉಲ್ಬಣಗೊಳಿಸಿದ್ದಾನೆ. ಆ ಇಬ್ಬರು ಹೆಂಗಸರನ್ನು ಗಲ್ಲಿಗೇರಿಸಲಾಯಿತು. ವೈದ್ಯ ಮತ್ತು ಭಕ್ತ ಒಂದೇ ವಾಕ್ಯದಲ್ಲಿ ಮಾತಾಡಿದಾಗ ಪುಸ್ತಕದಲ್ಲಿ ಅದು ಸೊಗಸಾಗಿ ಕಂಡಿದ್ದರೂ, ನ್ಯಾಯಾಲಯದಲ್ಲಿ ಅದರ ಬೆಲೆ ತೆತ್ತವರು ಬೇರೆಯವರು. ಅವರ ಗದ್ಯವನ್ನು ಬಹಳ ಪ್ರೀತಿಸುವ ನನಗೆ ಇದನ್ನು ಮರೆತು ಓದಲು ಸಾಧ್ಯವಾಗಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಆ ಭಾಗವನ್ನು ಮತ್ತೆ ಓದಿದೆ. ಮೊದಲ ಸಲ ಅದರ ಕೊನೆಯನ್ನು ಅವಸರದಲ್ಲಿ ದಾಟಿಬಿಟ್ಟಿದ್ದೆ. ನಮ್ಮ ನಂತರವೂ ಉಳಿಯುವ ಏನೋ ಒಂದು ನಮ್ಮೊಳಗಿದೆ ಎಂದು ದೃಢವಾಗಿ ಹೇಳಿದ ಮೇಲೆ ಬ್ರೌನ್ ಅಲ್ಲಿಗೇ ನಿಲ್ಲಿಸುವುದಿಲ್ಲ. ನಮಗಿಂತ ಮುಂಚೆ ಅದೇನಾಗಿತ್ತೆಂಬ ಚರಿತ್ರೆ ಅದಕ್ಕಿಲ್ಲ, ನಮ್ಮೊಳಗೆ ಹೇಗೆ ಬಂತೆಂದು ಹೇಳಲೂ ಅದಕ್ಕೆ ಬರುವುದಿಲ್ಲ, ಇದು ವಿಚಿತ್ರ ಎನ್ನುತ್ತಾರೆ. ನುಣುಚಿಕೊಳ್ಳುವವರು ಈ ಮಾತನ್ನು ಬರೆಯುತ್ತಿರಲಿಲ್ಲ. ನನ್ನ ಆ ಪದವನ್ನು ಹಿಂತೆಗೆದುಕೊಳ್ಳುತ್ತೇನೆ.