ಕಣ್ಣಿನ ಡಾಕ್ಟರನ್ನು ಕೇಳಿ: ಭತ್ತದ ಕಟಾವು, ಕೆಂಪು ಕಣ್ಣು, ಮೆಡಿಕಲ್ ಶಾಪಿನ ಡ್ರಾಪ್ಸ್

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಿಂಧನೂರು, ಮಾನ್ವಿ, ಮಸ್ಕಿ, ಲಿಂಗಸುಗೂರು ಕಡೆಯವರೇ ಜಾಸ್ತಿ ಇರುವ ಗುಂಪು ನಮ್ಮದು. ಕಟಾವು ಶುರುವಾದಾಗಿನಿಂದ ಬರೀ ಕಣ್ಣಿನ ಪ್ರಶ್ನೆಗಳೇ ಬರುತ್ತಿವೆ. ಅದಕ್ಕೆ ಗುಂಪಿನಲ್ಲೇ ಇರುವ ರಾಯಚೂರಿನ ಕಣ್ಣಿನ ಡಾಕ್ಟರ್ ಮೇಡಂ ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಕಣ್ಣಿನ ಫೋಟೋ ಹಾಕಬೇಡಿ, ಫೋಟೋ ನೋಡಿ ಔಷಧಿ ಹೇಳುವುದಿಲ್ಲ ಎಂದಿದ್ದಾರೆ. ಪ್ರಶ್ನೆ ಬರೆಯಿರಿ, ಸಾಕು.

ಸಿಂಧನೂರು ಕಡೆಯ ರೈತ: ಮೇಡಂ, ಐದಾರು ದಿನದ ಹಿಂದೆ ಗದ್ದೆಯಲ್ಲಿ ನೆಲ್ಲಿನ ಗರಿ ಬಲಗಣ್ಣಿಗೆ ಬಡಿಯಿತು. ಅವತ್ತೇ ಮೆಡಿಕಲ್‌ನಲ್ಲಿ ಡ್ರಾಪ್ಸ್ ತಂದು ಹಾಕಿದೆ. ಎರಡು ದಿನ ಆರಾಮ ಅನಿಸಿತು, ಕೆಂಪೂ ಇಳಿಯಿತು. ಈಗ ನೋವು ಜಾಸ್ತಿಯಾಗಿದೆ. ಬೆಳಕು ನೋಡೋಕೆ ಆಗುತ್ತಿಲ್ಲ. ಕರಿಗುಡ್ಡೆ ಮೇಲೆ ಸಣ್ಣ ಬಿಳಿ ಚುಕ್ಕೆ ಇದೆ ಎಂದು ಮನೆಯವರು ಹೇಳುತ್ತಾರೆ. ಇನ್ನು ನಾಲ್ಕು ಎಕರೆ ಕಟಾವು ಉಳಿದಿದೆ. ಮುಗಿಸಿಕೊಂಡು ಬಂದರೆ ನಡೆಯುತ್ತಾ?

ಡಾಕ್ಟರ್: ಅಣ್ಣಾರೆ, ನಡೆಯುವುದಿಲ್ಲ. ಕಟಾವು ಮನೆಯವರು ನೋಡಿಕೊಳ್ಳಲಿ. ನೀವು ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಿ. ನನ್ನ ಹತ್ತಿರವೇ ಬರಬೇಕೆಂದಿಲ್ಲ. ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ರಿಮ್ಸ್‌ನಲ್ಲಿ ಕಣ್ಣಿನ ವಿಭಾಗ ಇದೆ, ಅಲ್ಲಿಗೆ ಹೋದರೂ ಸರಿ.

ಕರಿಗುಡ್ಡೆಯ ಮುಂದೆ ಕಾರ್ನಿಯಾ ಎಂಬ ಪಾರದರ್ಶಕ ಪದರ ಇದೆ. ಗಡಿಯಾರದ ಗಾಜು ಇದ್ದ ಹಾಗೆ. ಭತ್ತದ ಗರಿಯ ಅಂಚು ಗರಗಸದಂತೆ ಒರಟು. ಅದು ತಾಗಿದಾಗ ಕಾರ್ನಿಯಾ ಮೇಲೆ ಗೀರು ಬೀಳುತ್ತದೆ. ಗೀರು ಸಣ್ಣದೇ, ಆದರೆ ಗರಿಯ ಮೇಲೆ, ಮಣ್ಣಲ್ಲಿ, ಹೊಟ್ಟಿನ ಧೂಳಲ್ಲಿ ಫಂಗಸ್ ಇರುತ್ತದೆ. ಅದು ಗೀರಿನೊಳಗೆ ಕೂತು ಬೆಳೆಯಲು ಶುರು ಮಾಡುತ್ತದೆ. ಆ ಬಿಳಿ ಚುಕ್ಕೆ ಬಹುಶಃ ಅದೇ. ನಾವು ಅದಕ್ಕೆ ಕಾರ್ನಿಯಾ ಹುಣ್ಣು ಎನ್ನುತ್ತೇವೆ.

ಇನ್ನು ಮೊದಲೆರಡು ದಿನ ಯಾಕೆ ಆರಾಮ ಅನಿಸಿತು ಗೊತ್ತಾ? ನೀವು ತಂದಿದ್ದರಲ್ಲಿ ಸ್ಟೀರಾಯ್ಡ್ ಇರಬಹುದು ಎಂದು ನನ್ನ ಅನುಮಾನ. ಬಾಟಲಿ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದು ಏನಾದರೂ ಇದೆಯಾ ನೋಡಿ. ಕಣ್ಣು ಕೆಂಪಾಗುವುದು, ಊದಿಕೊಳ್ಳುವುದು ದೇಹ ಸೋಂಕಿನ ಜೊತೆ ಹೋರಾಡುವ ರೀತಿ. ಸ್ಟೀರಾಯ್ಡ್ ಆ ಹೋರಾಟವನ್ನೇ ನಿಲ್ಲಿಸುತ್ತದೆ. ಕೆಂಪು ಇಳಿಯುತ್ತದೆ, ಫಂಗಸ್‌ಗೆ ಮಾತ್ರ ರಾಜಯೋಗ. ಇವತ್ತಿನಿಂದಲೇ ಅದನ್ನು ನಿಲ್ಲಿಸಿ. ಬಾಟಲಿ ಎಸೆಯಬೇಡಿ, ಜೊತೆಗೆ ತನ್ನಿ.

ಅದೇ ರೈತ: ಹೌದು ಮೇಡಂ, ಡೆಕ್ಸಾ ಎಂದು ಬರೆದಿದೆ. ಅಲ್ಲಿ ಏನು ಮಾಡುತ್ತಾರೆ? ಆಪರೇಷನ್ನಾ?

ಡಾಕ್ಟರ್: ಗಾಬರಿ ಬೇಡ. ಕಣ್ಣು ಮರಗಟ್ಟುವ ಹನಿ ಹಾಕಿ ಹುಣ್ಣಿನಿಂದ ಚೂರು ಕೆರೆದು ತೆಗೆಯುತ್ತಾರೆ. ನೋವಾಗುವುದಿಲ್ಲ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಫಂಗಸ್ಸೋ ಬ್ಯಾಕ್ಟೀರಿಯಾವೋ ಗೊತ್ತಾಗುತ್ತದೆ. ಫಂಗಸ್ ಆದರೆ ನಟಮೈಸಿನ್ ಎಂಬ ಡ್ರಾಪ್ಸ್ ಕೊಡುತ್ತಾರೆ. ಮೊದಲ ಕೆಲವು ದಿನ ಗಂಟೆಗೊಮ್ಮೆ ಹಾಕಬೇಕು, ರಾತ್ರಿ ಎದ್ದು ಕೂಡ. ವಾಸಿಯಾಗಲು ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ಹೊಲ, ಧೂಳು ಎರಡೂ ಬಂದ್. ವಾಸಿಯಾದ ಮೇಲೂ ಬಿಳಿ ಕಲೆ ಉಳಿಯಬಹುದು. ನಮ್ಮವರು 'ಕಣ್ಣಲ್ಲಿ ಹೂ ಬಿದ್ದಿದೆ' ಎನ್ನುತ್ತಾರಲ್ಲ, ಅದು. ಕಲೆ ಸರಿಯಾಗಿ ನಡುವೆ ಬಿದ್ದರೆ ದೃಷ್ಟಿ ಹೋಗುತ್ತದೆ. ಆಮೇಲೆ ಉಳಿಯುವುದು ಯಾರೋ ದಾನ ಮಾಡಿದ ಕಣ್ಣಿನ ಕಾರ್ನಿಯಾ ಕಸಿ ಒಂದೇ. ಅದಕ್ಕೇ ಒಂದು ದಿನವೂ ತಡ ಮಾಡಬೇಡಿ ಎನ್ನುತ್ತಿರುವುದು.

ಮಾನ್ವಿಯ ಗೃಹಿಣಿ: ನಮ್ಮತ್ತೆ ಇಂಥದ್ದಕ್ಕೆ ಎದೆಹಾಲು ಬಿಡಿಸುತ್ತಾರೆ, ಇಲ್ಲದಿದ್ದರೆ ಔಡಲೆಣ್ಣೆ. ತಂಪು ಅಲ್ವಾ?

ಡಾಕ್ಟರ್: ಅಕ್ಕಾರೆ, ತಂಪು ಅನಿಸಬಹುದು. ಆದರೆ ಗೀರು ಬಿದ್ದ ಕಣ್ಣಿಗೆ ಹಾಲು, ಎಣ್ಣೆ, ಜೇನು, ಹೂವಿನ ರಸ ಯಾವುದೂ ಬೇಡ. ಒಂದೂ ಶುದ್ಧವಾಗಿ ಕಣ್ಣಿಗೆ ಬೀಳುವುದಿಲ್ಲ. ಎಕ್ಕದ ಹಾಲಂತೂ ಹತ್ತಿರವೂ ತರಬೇಡಿ, ಅದು ಕಾರ್ನಿಯಾವನ್ನೇ ಕೆಡಿಸುತ್ತದೆ. ಏನಾದರೂ ಬಡಿದರೆ ಶುದ್ಧ ನೀರಲ್ಲಿ ತೊಳೆಯಿರಿ, ಉಜ್ಜಬೇಡಿ. ನಾಲಿಗೆಯಿಂದ ಕಸ ತೆಗೆಯುವವರು, ಸೀರೆ ಸೆರಗಿನ ತುದಿ ಹಾಕುವವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಅವರ ಬಳಿಯೂ ಹೋಗಬೇಡಿ.

ಮೆಡಿಕಲ್ ಶಾಪ್ ಇಟ್ಟಿರುವವರು: ಮೇಡಂ, ಎಲ್ಲಾ ತಪ್ಪು ನಮ್ಮ ತಲೆಗೆ ಕಟ್ಟಬೇಡಿ. ಜನ ಬಂದು 'ಹೋದ ಸಲ ಕೊಟ್ಟಿದ್ದೇ ಕೊಡಿ' ಎಂದು ಜಗಳ ಮಾಡುತ್ತಾರೆ. ನಾವು ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡುತ್ತಾನೆ.

ಡಾಕ್ಟರ್: ನಿಮ್ಮ ಮಾತೂ ನಿಜ ಸರ್. ಹಳ್ಳಿಯಲ್ಲಿ ರಾತ್ರಿ ಎಂಟಕ್ಕೆ ಬಾಗಿಲು ತೆರೆದಿರುವುದು ನಿಮ್ಮದೊಂದೇ. ಹಾಗಾಗಿ ಬೈಯುವುದಕ್ಕಿಂತ ಕೇಳಿಕೊಳ್ಳುತ್ತೇನೆ. ಬಾಟಲಿಯ ಲೇಬಲ್ ಮೇಲೆ ಎಡಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಡುವ ಔಷಧಿಯಲ್ಲ, ನಿಮಗೂ ಗೊತ್ತು. ಯಾರಾದರೂ 'ಗರಿ ಬಡಿಯಿತು, ಕಡ್ಡಿ ಚುಚ್ಚಿತು' ಎಂದರೆ ಸ್ಟೀರಾಯ್ಡ್ ಮಾತ್ರ ಕೊಡಬೇಡಿ. ಡಾಕ್ಟರ ಹತ್ತಿರ ಕಳಿಸಿ. ಇನ್ನೊಂದು, ಬೇಸಿಗೆಯಲ್ಲಿ ಮಕ್ಕಳು ಕಣ್ಣು ತುರಿಸಿಕೊಳ್ಳುತ್ತಾರಲ್ಲ, ಅಲರ್ಜಿ. ಅದಕ್ಕೂ ಇದೇ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕಿ, ಕಣ್ಣಿನ ಒತ್ತಡ ಏರಿ ದೃಷ್ಟಿ ನರ ಒಣಗಿಸಿಕೊಂಡ ಮಕ್ಕಳನ್ನು ನಾವು ನೋಡುತ್ತೇವೆ. ತುರಿಕೆ ಹೋಯಿತು ಎಂದು ತಂದೆತಾಯಿ ಖುಷಿಯಾಗಿರುತ್ತಾರೆ. ಒಳಗೆ ನಡೆಯುವುದು ಅವರಿಗೆ ಕಾಣುವುದಿಲ್ಲ.

ಮಸ್ಕಿಯ ಕಾಲೇಜು ಹುಡುಗ: ಹಾಗಾದರೆ ಕಣ್ಣು ಕೆಂಪಾದಾಗೆಲ್ಲ ರಾಯಚೂರಿಗೆ ಓಡಬೇಕಾ ಮೇಡಂ? 2023ರಲ್ಲಿ ಇಡೀ ಹಾಸ್ಟೆಲ್ಲಿಗೇ ಕಣ್ಣು ಬಂದಿತ್ತು. ಸುಮ್ನೆ ಇದ್ದೆವು, ಹೋಯಿತು.

ಡಾಕ್ಟರ್: ಒಳ್ಳೆ ಪ್ರಶ್ನೆ ತಮ್ಮಾ. ಓಡಬೇಕಾಗಿಲ್ಲ. ಆ ವರ್ಷ ಮಳೆಗಾಲದಲ್ಲಿ ಬಂದದ್ದು ಮದ್ರಾಸ್ ಐ, ಹೆಚ್ಚಿನವರಿಗೆ ವೈರಸ್‌ನಿಂದ. ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಎರಡೂ ಕಣ್ಣಿಗೆ ಹರಡುತ್ತದೆ, ಪಿಸುರು ಕಟ್ಟುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ, ಆದರೆ ಪಿಸುರು ಒರೆಸಿದರೆ ಓದಲು ಬರುತ್ತದೆ. ಟವೆಲ್, ದಿಂಬು, ಕಾಡಿಗೆ ಬೇರೆ ಇಟ್ಟುಕೊಳ್ಳಿ, ಕೈ ತೊಳೆಯಿರಿ. ಒಬ್ಬರ ಕಣ್ಣು ನೋಡಿದರೆ ಇನ್ನೊಬ್ಬರಿಗೆ ಬರುವುದಿಲ್ಲ. ಕೈಯಿಂದ ಬರುತ್ತದೆ. ಕಪ್ಪು ಕನ್ನಡಕ ಹಾಕಿದರೆ ಬೆಳಕು ಚುಚ್ಚುವುದು ಕಡಿಮೆ, ಅಷ್ಟೇ.

ಆದರೆ ಒಂದೇ ಕಣ್ಣು ಕೆಂಪು, ಜೊತೆಗೆ ನಿಜವಾದ ನೋವು, ಮಂಜು ದೃಷ್ಟಿ, ಬೆಳಕು ಸಹಿಸಲಾಗದಿರುವುದು, ಇಲ್ಲವೇ ಏನೋ ಬಡಿದ ಮೇಲೆ ಕೆಂಪಾದದ್ದು ಇದ್ದರೆ ಅದೇ ದಿನ ತೋರಿಸಿ. ತಾಲೂಕು ಆಸ್ಪತ್ರೆಯ ನೇತ್ರಾಧಿಕಾರಿ ನೋಡಿದರೂ ಮುಂದೆ ಕಳಿಸಬೇಕಾ ಬೇಡವಾ ಹೇಳುತ್ತಾರೆ.

ದೇವದುರ್ಗದಿಂದ ಒಬ್ಬರು: ನಮ್ಮ ಅವ್ವನಿಗೆ 68. ಎರಡೂ ಕಣ್ಣಿಗೆ ಪೊರೆ. 'ಇನ್ನೂ ಹಣ್ಣಾಗಿಲ್ಲ, ಹಣ್ಣಾಗಲಿ' ಎನ್ನುತ್ತಾಳೆ. ಬೇಸಿಗೆಯಲ್ಲಿ ಮಾಡಿಸಿದರೆ ಕೀವಾಗುತ್ತದೆ ಎಂದು ಓಣಿಯವರು ಬೇರೆ ಹೆದರಿಸಿದ್ದಾರೆ.

ಡಾಕ್ಟರ್: ಹಣ್ಣಾಗಲಿ ಎಂದು ಕಾಯುತ್ತಿದ್ದದ್ದು ಹಳೇ ಕಾಲದ ಆಪರೇಷನ್‌ಗೆ. ಈಗ ಹಣ್ಣಾದಷ್ಟೂ ಪೊರೆ ಗಟ್ಟಿ, ಕೆಲಸ ಕಷ್ಟ. ತೀರಾ ಬಿಟ್ಟರೆ ಪೊರೆ ಊದಿಕೊಂಡು ಕಣ್ಣಿನ ಒತ್ತಡ ಏರಿ, ರಾತ್ರೋರಾತ್ರಿ ನೋವು ವಾಂತಿ ಬಂದು ಒದ್ದಾಡುತ್ತಾರೆ. ಅವ್ವನಿಗೆ ಅಕ್ಕಿ ಆರಿಸಲು, ಮೆಟ್ಟಿಲು ಇಳಿಯಲು, ಮುಖ ಗುರುತಿಸಲು ತೊಂದರೆಯಾಗುತ್ತಿದ್ದರೆ ಅದೇ ಸಮಯ. ತಿಂಗಳು ಯಾವುದಾದರೂ ಸರಿ. ಮೇ ತಿಂಗಳ ಬಿಸಿಲಲ್ಲೂ ನಾವು ಮಾಡುತ್ತೇವೆ. ಕೀವಾಗುವುದು ಬಿಸಿಲಿನಿಂದಲ್ಲ, ಸ್ವಚ್ಛತೆ ತಪ್ಪಿದರೆ. ಸರ್ಕಾರಿ ಆಸ್ಪತ್ರೆಯಲ್ಲಿ ಲೆನ್ಸ್ ಸಮೇತ ಉಚಿತ. ಸಾಮಾನ್ಯವಾಗಿ ಅವತ್ತೋ ಮರುದಿನವೋ ಮನೆಗೆ ಕಳಿಸುತ್ತಾರೆ. ಕೆಲವು ದಿನ ತಲೆಗೆ ಸ್ನಾನ ಇಲ್ಲ, ಕಣ್ಣಿಗೆ ನೀರು ಬೀಳಬಾರದು, ಒಲೆಯ ಹೊಗೆ ಬೇಡ. ಹೇಳಿದಷ್ಟು ವಾರ ಡ್ರಾಪ್ಸ್ ಹಾಕಬೇಕು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು.

ಗುಂಪಿನ ಹಿರಿಯರು: ನಮ್ಮ ಕಾಲದಲ್ಲಿ ಡಾ. ಎಂ.ಸಿ. ಮೋದಿ ಅವರ ಶಿಬಿರ ಎಂದರೆ ಜಾತ್ರೆ. ಆಪರೇಷನ್ ಆದವರೆಲ್ಲ ಬಾಟಲಿ ತಳದಂಥ ಚಷ್ಮಾ ಹಾಕಿಕೊಂಡು ಓಡಾಡುತ್ತಿದ್ದರು.

ಡಾಕ್ಟರ್: ಹೌದು ಅಜ್ಜಾರೆ. ಆಗ ಪೊರೆ ತೆಗೆದರೆ ಒಳಗೆ ಲೆನ್ಸ್ ಕೂರಿಸುತ್ತಿರಲಿಲ್ಲ. ಅದರ ಕೆಲಸ ಆ ದಪ್ಪ ಗಾಜು ಮಾಡುತ್ತಿತ್ತು. ಬೀಳಗಿಯಲ್ಲಿ ಹುಟ್ಟಿದ ಆ ಮನುಷ್ಯ ಊರೂರು ತಿರುಗಿ ಮಾಡಿದ ಕೆಲಸದಿಂದಲೇ ನಮ್ಮ ಕಡೆ ಜನಕ್ಕೆ ಕಣ್ಣಿನ ಆಪರೇಷನ್ ಭಯ ಅರ್ಧ ಹೋಯಿತು. ಈಗ ಲೆನ್ಸ್ ಒಳಗೇ ಇರುತ್ತದೆ. ಓದಲು ಮಾತ್ರ ಚಾಳೀಸು ಬೇಕಾಗಬಹುದು. ಕೆಲವರಿಗೆ ತಿಂಗಳೋ ವರ್ಷವೋ ಆದ ಮೇಲೆ ಮತ್ತೆ ಮಂಜಾಗುತ್ತದೆ. ಪೊರೆ ಮರಳಿ ಬಂತು ಎಂದುಕೊಳ್ಳುತ್ತಾರೆ. ಬಂದಿರುವುದಿಲ್ಲ. ಲೆನ್ಸ್ ಹಿಂದಿನ ತೆಳು ಪದರ ಮಸುಕಾಗಿರುತ್ತದೆ. ಲೇಸರ್‌ನಲ್ಲಿ ಕೆಲವೇ ನಿಮಿಷದ ಕೆಲಸ.

ಹಟ್ಟಿಯಿಂದ ಗಣಿ ಕೆಲಸಗಾರ: ಶುಗರ್ ಬಂದು ಎಂಟು ವರ್ಷ. ಕಣ್ಣು ಚೆನ್ನಾಗಿ ಕಾಣುತ್ತದೆ. ಆದರೂ ಪರೀಕ್ಷೆ ಬೇಕೇ?

ಡಾಕ್ಟರ್: ಚೆನ್ನಾಗಿ ಕಾಣುವಾಗಲೇ ಬೇಕು ಅಣ್ಣಾರೆ. ಸಕ್ಕರೆ ಕಾಯಿಲೆ ಕಣ್ಣಿನ ಹಿಂಭಾಗದ ಪರದೆಯ, ಅಂದರೆ ರೆಟಿನಾದ ಸಣ್ಣ ರಕ್ತನಾಳಗಳನ್ನು ಹಾಳು ಮಾಡುತ್ತದೆ. ಅವು ಸೋರುತ್ತಿದ್ದರೂ ಬಹಳ ದಿನ ದೃಷ್ಟಿ ಸರಿಯೇ ಇರುತ್ತದೆ. ನಿಮಗೆ ಗೊತ್ತಾಗುವ ಹೊತ್ತಿಗೆ ಒಳಗೆ ರಕ್ತ ಚೆಲ್ಲಿರಬಹುದು. ಟೈಪ್ 2 ಇರುವವರು ಕಾಯಿಲೆ ಪತ್ತೆಯಾದ ದಿನದಿಂದಲೇ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ನೋಡಿಸಬೇಕು. ಚಷ್ಮಾ ಅಂಗಡಿಯಲ್ಲಿ ನಂಬರ್ ನೋಡಿಸಿದ್ದು ಇದಕ್ಕೆ ಲೆಕ್ಕವಿಲ್ಲ. ಬೇಗ ಸಿಕ್ಕರೆ ಲೇಸರ್, ಕಣ್ಣಿನೊಳಗಿನ ಇಂಜೆಕ್ಷನ್ ಇವೆ. ಬಿಪಿಯನ್ನೂ ಹಿಡಿತದಲ್ಲಿಡಿ. ಶುಗರ್ ಏರಿಳಿಯುತ್ತಿರುವಾಗ ಹೊಸ ಚಷ್ಮಾ ಮಾಡಿಸಬೇಡಿ, ನಂಬರ್ ನಿಲ್ಲುವುದಿಲ್ಲ, ದುಡ್ಡು ದಂಡ.

ಹಾಗೇ ಒಂದು ಮಾತು. ಮನೆಯಲ್ಲಿ ಅಪ್ಪ, ಅವ್ವ, ಅಣ್ಣತಮ್ಮಂದಿರಿಗೆ ಗ್ಲಾಕೋಮಾ, ಅಂದರೆ ಹೆಚ್ಚಾಗಿ ಕಣ್ಣಿನ ಒತ್ತಡ ಏರಿ ದೃಷ್ಟಿ ನರ ಒಣಗುವ ಕಾಯಿಲೆ ಇದ್ದರೆ ನೀವೂ ಕಣ್ಣಿನ ಒತ್ತಡ ನೋಡಿಸಿ. ಮಿಕ್ಕವರು 40 ದಾಟಿದ ಮೇಲೆ. ಅದು ಪಕ್ಕದ ನೋಟವನ್ನು ಮೊದಲು ತಿನ್ನುತ್ತದೆ. ನೋವಿಲ್ಲ, ಸುಳಿವಿಲ್ಲ. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಡ್ರಾಪ್ಸ್ ಉಳಿಸುತ್ತದೆ.

ಲಿಂಗಸುಗೂರಿನ ಶಿಕ್ಷಕಿ: ಮಗಳಿಗೆ ಒಂಬತ್ತು ವರ್ಷ. ಬೋರ್ಡ್ ಕಾಣುವುದಿಲ್ಲ ಎನ್ನುತ್ತಾಳೆ. ಚಷ್ಮಾ ಹಾಕಿದರೆ ನಂಬರ್ ಏರುತ್ತದೆ, ಗಜ್ಜರಿ ತಿನ್ನಿಸಿ ಎಂದು ಅತ್ತೆ ಹೇಳುತ್ತಾರೆ. ಮೊಬೈಲ್ ಕೂಡ ಬಿಡುವುದಿಲ್ಲ.

ಡಾಕ್ಟರ್: ಗಜ್ಜರಿ ತಿನ್ನಲಿ, ಬೇಡ ಎನ್ನುವವಳು ನಾನಲ್ಲ. ನುಗ್ಗೆ ಸೊಪ್ಪು, ಪಪ್ಪಾಯಿಯಲ್ಲೂ ಎ ವಿಟಮಿನ್ ಆಗುವ ಅಂಶ ಇದೆ. ಅದು ಇರುಳುಗಣ್ಣು ತಡೆಯಲು ಬೇಕು. ಮಗಳಂತೆ ದೂರದ್ದು ಕಾಣದವರ ಚಷ್ಮಾ ನಂಬರ್ ಇಳಿಸುವುದಿಲ್ಲ. ನಂಬರ್ ಏರುವುದು ಕಣ್ಣುಗುಡ್ಡೆ ಉದ್ದವಾಗುವುದರಿಂದ, ಚಷ್ಮಾದಿಂದಲ್ಲ. ದಿನಕ್ಕೆ ಎರಡು ಗಂಟೆ ಹೊರಗೆ ಬೆಳಕಿನಲ್ಲಿ ಆಡಿಸಿ, ನಮ್ಮೂರ ಬಿಸಿಲಲ್ಲಿ ಬೆಳಿಗ್ಗೆ ಮತ್ತು ಸಂಜೆ. ಹೊರಗೆ ಆಡುವ ಮಕ್ಕಳಿಗೆ ಈ ತೊಂದರೆ ಕಡಿಮೆ ಎಂದು ಗೊತ್ತಾಗಿದೆ. ಮೊಬೈಲ್ ಕೊಟ್ಟರೂ ಮುಖಕ್ಕೆ ಅಂಟಿಸಿಕೊಂಡು ಬೇಡ, ಕತ್ತಲಲ್ಲಿ ಬೇಡ. ನೀಲಿ ಬೆಳಕಿನ ಕನ್ನಡಕಕ್ಕೆ ದುಡ್ಡು ಹಾಕಬೇಡಿ, ಅದರಿಂದ ಆಯಾಸ ಕಡಿಮೆಯಾಗುವ ಪುರಾವೆ ಇಲ್ಲ.

ಅದೇ ಶಿಕ್ಷಕಿ: ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿಗೆ ಮೆಳ್ಳೆಗಣ್ಣು. ಅದೃಷ್ಟ ಎಂದು ಮನೆಯವರು ಬಿಟ್ಟಿದ್ದಾರೆ.

ಡಾಕ್ಟರ್: ಅವರ ಮನೆಗೆ ನೀವೇ ಹೋಗಿ ಹೇಳಿ ಟೀಚರ್. ಓರೆಯಾದ ಕಣ್ಣಿನ ಚಿತ್ರವನ್ನು ಮಿದುಳು ಬಿಟ್ಟುಬಿಡುತ್ತದೆ. ಕಣ್ಣು ಚೆನ್ನಾಗಿದ್ದರೂ ದೃಷ್ಟಿ ಬೆಳೆಯುವುದಿಲ್ಲ. ಏಳೆಂಟು ವರ್ಷದೊಳಗೆ ಚಷ್ಮಾ, ಒಳ್ಳೆ ಕಣ್ಣಿಗೆ ಪಟ್ಟಿ ಹಾಕುವುದು ಇವೆಲ್ಲ ಮಾಡಿದರೆ ಫಲ ಜಾಸ್ತಿ. ಆಮೇಲೆ ಕಷ್ಟ.

ಒಬ್ಬ ತಾಯಿ: ಮೇಡಂ, ಅರ್ಜೆಂಟ್. ಮಗ ಅಜ್ಜನ ಸುಣ್ಣದ ಡಬ್ಬಿ ಹಿಸುಕಿ ಕಣ್ಣಿಗೆ ಹಾರಿಸಿಕೊಂಡಿದ್ದಾನೆ!

ಡಾಕ್ಟರ್: ಮೆಸೇಜ್ ಬಿಟ್ಟು ಮೊದಲು ನೀರು! ಕುಡಿಯುವ ನೀರು, ನಲ್ಲಿ ನೀರು, ಯಾವುದಿದ್ದರೂ ಸರಿ. ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ಸುರಿಯುತ್ತಲೇ ಇರಿ. ಅಳುತ್ತಾನೆ, ಅಳಲಿ. ಕೆಳರೆಪ್ಪೆಯೊಳಗೆ ಸುಣ್ಣದ ಚೂರು ಕಂಡರೆ ಒದ್ದೆ ಬಟ್ಟೆಯಿಂದ ತೆಗೆಯಿರಿ. ನಿಂಬೆರಸ, ಎಣ್ಣೆ ಬೇಡ. ಆಮೇಲೆ ನೇರ ಆಸ್ಪತ್ರೆ, ದಾರಿಯಲ್ಲೂ ಬಾಟಲಿಯಿಂದ ನೀರು ಬಿಡುತ್ತಾ ಹೋಗಿ. ಗುಂಪಿನವರು ಯಾರಾದರೂ ಇವರ ಊರಲ್ಲಿ ಗಾಡಿ ಇದ್ದರೆ ಫೋನ್ ಮಾಡಿ.

ಅಡ್ಮಿನ್: ಗಾಡಿ ಹೊರಟಿದೆ ಮೇಡಂ. ಅವರ ಮೈದುನನ ಆಟೋ.

ಡಾಕ್ಟರ್: ಸರಿ. ತಲುಪಿದ ಮೇಲೆ ತಿಳಿಸಲಿ. ಹೊಲದಲ್ಲಿ ಕ್ರಿಮಿನಾಶಕ ಸಿಡಿದರೂ ಇದೇ ಚಿಕಿತ್ಸೆ, ನೀರು, ನೀರು. ಔಷಧಿ ಬಾಟಲಿಯನ್ನೂ ಆಸ್ಪತ್ರೆಗೆ ತನ್ನಿ.

ರೈಸ್ ಮಿಲ್ ಕೆಲಸಗಾರ: ಕೊನೇ ಪ್ರಶ್ನೆ. ಮಿಲ್ಲಲ್ಲಿ ಹೊಟ್ಟಿನ ಧೂಳು. ಸಾದಾ ಕೂಲಿಂಗ್ ಗ್ಲಾಸ್ ಸಾಕಾ? ಆಗಾಗ ವೆಲ್ಡಿಂಗ್ ಕೂಡ ಮಾಡುತ್ತೇನೆ.

ಡಾಕ್ಟರ್: ಧೂಳಿಗೆ ಪಕ್ಕದಲ್ಲೂ ಮುಚ್ಚುವ ಪ್ಲಾಸ್ಟಿಕ್ ಸೇಫ್ಟಿ ಕನ್ನಡಕ ತಗೊಳ್ಳಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಗದ್ದೆಗೂ ಅದೇ ಸಾಕು. ಕೂಲಿಂಗ್ ಗ್ಲಾಸಿನ ಪಕ್ಕದಿಂದ ಹೊಟ್ಟಿನ ಧೂಳು ಒಳಗೆ ಬರುತ್ತದೆ. ವೆಲ್ಡಿಂಗ್‌ಗೆ ಅದಕ್ಕೆಂದೇ ಇರುವ ಶೀಲ್ಡ್ ಬೇಕು, ಅದಿಲ್ಲದೆ ಒಂದು ಚುಕ್ಕೆ ಬೆಸುಗೆಯೂ ಬೇಡ. ಬರಿಗಣ್ಣಲ್ಲಿ ನೋಡಿದರೆ ಕೆಲವು ಗಂಟೆ ಬಿಟ್ಟು, ಸಾಮಾನ್ಯವಾಗಿ ರಾತ್ರಿ, ಮರಳು ಹೊಯ್ದಂತೆ ಉರಿ ಶುರುವಾಗುತ್ತದೆ. ಒಂದೆರಡು ದಿನಕ್ಕೆ ಇಳಿಯುತ್ತದೆ. ಆಗ ಮರಗಟ್ಟಿಸುವ ಡ್ರಾಪ್ಸ್ ಕೊಂಡು ಮನೆಯಲ್ಲಿ ಹಾಕಿಕೊಳ್ಳಬೇಡಿ, ಗಾಯ ಮಾಯುವುದಿಲ್ಲ. ಗ್ರೈಂಡಿಂಗ್ ಮಾಡುವಾಗ ಕಬ್ಬಿಣದ ಚೂರು ಸಿಕ್ಕಿಕೊಂಡರೆ ಗೆಳೆಯನ ಕೈಲಿ ಸೂಜಿಯಿಂದ ತೆಗೆಸಬೇಡಿ.

ನಾಳೆ ತೋರಿಸಲು ಬರುವವರು ಹಳೇ ಚಷ್ಮಾ, ಹಳೇ ಚೀಟಿ, ಈಗ ಹಾಕುತ್ತಿರುವ ಎಲ್ಲಾ ಡ್ರಾಪ್ಸ್ ತನ್ನಿ. ತೆರೆದು ತಿಂಗಳಾದ ಬಾಟಲಿ ಇದ್ದರೆ ಹಾಕುವುದು ಬಿಡಿ, ಹೆಸರು ತೋರಿಸಲು ಮಾತ್ರ ತನ್ನಿ. ಪಾಪೆ ಹಿಗ್ಗಿಸಿದರೆ ನಾಲ್ಕಾರು ಗಂಟೆ ಮಂಜಾಗಿರುತ್ತದೆ. ಅದಕ್ಕೆ ಬೈಕ್ ಬೇಡ, ಜೊತೆಗೆ ಒಬ್ಬರು ಇರಲಿ.